ಕಡುಬಿನ ಉಪ್ಪು

ಆ ವಸಂತದಲ್ಲಿ ನಾನು ಸುಟ್ಟು ತೆಗೆದ ದೊಡ್ಡ ಜಾಡಿಯನ್ನು ಕಿರುಬೆರಳಿನಿಂದ ತಟ್ಟಿದರೆ ಸಾಕು, ರೋಮಾಪುರಿಯಲ್ಲಿ ಪೋಪ್ ಜಗದ್ಗುರುಗಳು ಸಂಜೆ ಪ್ರಾರ್ಥನೆಗೆ ಗಂಟೆ ಹೊಡೆಯಿತೆಂದು ಊಟ ಬಿಟ್ಟು ಮಂಡಿಯೂರುತ್ತಿದ್ದರು. ಸುಳ್ಳಲ್ಲ, ಬೇಕಾದರೆ ಅವರನ್ನೇ ಕೇಳಿ. ಅದರ ಬಾಯಿ ಎಷ್ಟು ಅಗಲವೆಂದರೆ, ಪಕ್ಕದ ಮನೆಯ ಎತ್ತು ಇಣುಕಿ ನೋಡಲು ಹೋಗಿ ಒಳಗೆ ಬಿದ್ದು, ಹೊರಗೆ ಬರುವಷ್ಟರಲ್ಲಿ ಮುದಿಯಾಗಿತ್ತು.

ನಮ್ಮ ದೊಕ್‌ಗೋಲ್ ಅಂದರೆ ಜಾಡಿಗಳ ಕಣಿವೆ. ಇಲ್ಲಿ ಮಣ್ಣು ಕಲಸುವವರೆಲ್ಲ ಕ್ರೈಸ್ತರು. ಅರಸರ ಕಾಲದಲ್ಲಿ ಧರ್ಮ ಬಿಡಿ ಎಂದು ಸೈನಿಕರು ಬೆನ್ನಟ್ಟಿದಾಗ ಬೆಟ್ಟ ಹತ್ತಿ ಕುಂಬಾರರಾದವರ ಸಂತಾನ. ಸತ್ತ ಹಿರಿಯರ ಹೆಸರು ಬರೆದ ಮರದ ಹಲಗೆಗೆ ಅಡ್ಡಬೀಳುವುದಿಲ್ಲ ಎಂದು ನನ್ನ ಮುತ್ತಜ್ಜ ತಲೆ ಕೊಟ್ಟ. ಬೇರೆ ಊರಿನ ಕುಂಬಾರರು ಜಾಡಿ ಸುಡುವ ಆವಿಗೆಗೆ ಬೆಂಕಿ ಹಾಕುವ ಮುಂಚೆ ಅದರ ಬಾಯಲ್ಲಿ ಕೆಂಪು ಕಾಳಿನ ಕಡುಬು, ಒಣಮೀನು, ಅಕ್ಕಿ ಹೆಂಡ ಇಟ್ಟು ಆವಿಗೆಯ ಭೂತಕ್ಕೆ ಕೈ ಮುಗಿಯುತ್ತಾರೆ. ನಾವು ಶಿಲುಬೆಯ ಗುರುತು ಹಾಕಿ ಬೆಂಕಿ ಹಚ್ಚುತ್ತೇವೆ, ಅಷ್ಟೆ. ಇನ್ನೊಂದಕ್ಕೆ ಅಡ್ಡಬಿದ್ದರೆ ಅದು ದೊಡ್ಡ ಪಾಪ.

ನನ್ನ ಹೆಸರು ಬ್ಲಾಸಿಯೋ. ಗಂಟಲು ಕಾಯುವ ಸಂತನ ಹೆಸರು. ಆತ ನನ್ನ ಗಂಟಲಿಗೆ ಕೊಟ್ಟಷ್ಟು ಬಲವನ್ನು ಕೊರಿಯಾ ದೇಶದಲ್ಲಿ ಇನ್ಯಾರಿಗೂ ಕೊಡಲಿಲ್ಲ. ಊರಿನ ಮಕ್ಕಳಿಗೂ ಹೊಸದಾಗಿ ಧರ್ಮಕ್ಕೆ ಬಂದವರಿಗೂ ಜ್ಞಾನೋಪದೇಶ ಬಾಯಿಪಾಠ ಮಾಡಿಸುವವನು ನಾನೇ.

ಆ ವರ್ಷ ಚಳಿಗಾಲದಲ್ಲಿ ಎರಡು ಸಲ ಆವಿಗೆ ಕೆಟ್ಟಿತು. ಬಾಗಿಲು ಒಡೆದು ನೋಡಿದರೆ ಒಳಗೆ ಬರೀ ಚೂರು. ಪೇಟೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳು ಬಂದು, ಜಾಡಿ ಕೊಳ್ಳುವವರೇ ಕಡಿಮೆಯಾಗಿದ್ದ ಕಾಲ ಅದು. ಮೂರನೆಯ ಸಲ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಡುವೆ, ನಾನು ಬೆಂಕಿ ಹಾಕಿದೆ. ಒಂದೇ ಒಂದು ಜಾಡಿಯೂ ಸೀಳಲಿಲ್ಲ. ದೊಡ್ಡದಂತೂ ಅರಸಿಯ ಹಾಗೆ ಹೊರಗೆ ಬಂತು. "ಇದೆಲ್ಲ ಕೈಯ ಗುಣ," ಎಂದು ಊರಿಗೆಲ್ಲ ಸಾರಿದೆ.

ಮರುದಿನ ನಾವು ಊಟಕ್ಕೆ ಕೂತಿದ್ದೆವು: ಬಾರ್ಲಿ ಅನ್ನ, ಹುದುಗಿಸಿದ ಸೋಯಾ ಕಾಳಿನ ಸಾರು, ಚಳಿಗಾಲದಲ್ಲಿ ಎಲೆಕೋಸು ಹುಳಿಯಿಟ್ಟ ಹಳೆ ಕಿಮ್ಚಿ. ಆವಿಗೆಯ ಬೂದಿ ಗುಡಿಸಲು ಹೋಗಿದ್ದ ನನ್ನ ಹೆಂಡತಿ ಕೊಲುಂಬಾ ಇಕ್ಕಳದಲ್ಲಿ ಏನನ್ನೋ ಸತ್ತ ಇಲಿಯಂತೆ ಹಿಡಿದುಕೊಂಡು ಬಂದಳು.

"ಇದು ಯಾರದು?"

ಕೆಂಪು ಕಾಳಿನ ಕಡುಬಿನ ಅಂಚು. ಹೆಬ್ಬೆರಳಿನಷ್ಟು. ಮೇಲೆ ಇರುವೆ.

"ಆವಿಗೆ ಬಾಯಿ ಹತ್ರ ಕಲ್ಲಿನ ಸಂದೀಲಿ ಸಿಕ್ತು. ಜೊತೇಲಿ ಒಣಮೀನಿನ ತಲೆ ಬೇರೆ. ತಲೆ ಕೊಟ್ಟೋರ ಮನೇಲಿ ಮೀನಿನ ತಲೆ ಇಟ್ಟು ಭೂತಕ್ಕೆ ಕೈ ಮುಗಿದಿದಾರೆ."

ಮೂಲೆಯಲ್ಲಿ ನನ್ನ ತಾಯಿ ಬಿಬಿಯಾನಾ ಒಗೆದ ಬಟ್ಟೆ ಮಡಚುತ್ತಿದ್ದಳು. ನಾನು ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ನೀಲಿ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ನನ್ನ ಬಟ್ಟಲಿನ ಪಕ್ಕ ಇಟ್ಟಳು. 

ಕೊಲುಂಬಾ ಸೊಸೆಯನ್ನೇ ನೋಡುತ್ತ ನಿಂತಳು. ಸೊಸೆ ಲುಗಾರ್ದಾ ಕ್ರೈಸ್ತರಲ್ಲದ ಮನೆಯಿಂದ ಬಂದವಳು. ಮದುವೆಗೆ ಮುಂಚೆ ನನ್ನಲ್ಲೇ ಜ್ಞಾನೋಪದೇಶ ಕಲಿತು ಜ್ಞಾನಸ್ನಾನ ಪಡೆದು ಕ್ರೈಸ್ತಳಾಗಿದ್ದಳು.

"ನನ್ನನ್ಯಾಕೆ ನೋಡ್ತೀರ ಅತ್ತೆ?"

"ನಿನ್ನ ಚಿಕ್ಕಮ್ಮ ಡೋಲು ಬಡ್ಕೊಂಡು ಭೂತ ಕುಣಿಸೋಳು. ಇನ್ಯಾರನ್ನ ನೋಡ್ಲಿ, ಬಿಷಪ್ಪರನ್ನಾ?"

"ಭೂತ ಕುಣಿಸೋಳು ಚಿಕ್ಕಮ್ಮ. ನಾನು ಈ ಮನೇಲಿ ಪಾತ್ರೆ ತೊಳೆಯೋಳು."

"ಅಮ್ಮ, ಅನ್ನ ತಣ್ಣಗಾಗುತ್ತೆ," ಎಂದ ನನ್ನ ಮಗ ತದ್ದೇಯೋ. ಅವನು ವರ್ಷಕ್ಕೆ ಆಡುವ ಮಾತು ನಾನು ಒಂದು ಸಲ ಸೀನುವಷ್ಟರಲ್ಲಿ ಆಡುತ್ತೇನೆ.

"ಆತ್ಮ ತಣ್ಣಗಾಗಿ ಕೂತಿದೆ, ಇವನಿಗೆ ಅನ್ನದ ಚಿಂತೆ."

ಆಗ ನಾನು ದೊಡ್ಡ ಮನಸ್ಸು ಮಾಡಿದೆ. "ಬಿಡೇ. ಹೊಸ ಹುಡುಗಿ. ಎರಡು ಸಲ ಆವಿಗೆ ಕೆಟ್ಟಿದ್ದು ನೋಡಿ ಹೆದರಿರ್ತಾಳೆ, ಮನೆಗೆ ಒಳ್ಳೇದಾಗ್ಲಿ ಅಂತ ಮಾಡಿರ್ತಾಳೆ. ದೇವರು ದೊಡ್ಡವನು."

ಎಂಥ ಉದಾರ ಮಾತು ನೋಡಿ. ಇಡೀ ಚುಂಗ್‌ಚೊಂಗ್ ಸೀಮೆಯಲ್ಲಿ ನನ್ನಂಥ ಮಾವ ಇರಲಿಲ್ಲ. ನಾನು ಕ್ಷಮಿಸಿದ ಮೇಲೆ ತಪ್ಪು ಅವಳದೇ ಎಂದು ಖಾಯಂ ಆಗಿಹೋಯಿತು.

"ಮಾವ, ನಾನು ಮಾಡಿಲ್ಲ."

"ಆಯ್ತಮ್ಮ, ಆಯ್ತು," ಎಂದೆ, ಮಾಡಿದವರಿಗೆ ಹೇಳುವ ಧ್ವನಿಯಲ್ಲೇ.

ಆ ಭಾನುವಾರ ಗುಡ್ಡದಾಚೆಯ ಚರ್ಚಿನಲ್ಲಿ ನಾವು ಐದೂ ಜನ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಗುರುಗಳು ಪರಮಪ್ರಸಾದದ ರೊಟ್ಟಿ ಕೊಡುವ ಹೊತ್ತಿಗೆ ಲುಗಾರ್ದಾ ಎದ್ದಳು. ಕೊಲುಂಬಾ ಅವಳ ತೋಳು ಹಿಡಿದು ಕೆಳಗೆ ಎಳೆದಳು. "ಮೊದಲು ಗುರುಗಳ ಹತ್ರ ಪಾಪನಿವೇದನೆ ಮಾಡು. ಆಮೇಲೆ ಬಾಯಿ ತೆಗಿ." ಪಿಸುಮಾತೇ, ಆದರೆ ನನ್ನ ಹೆಂಡತಿಯ ಪಿಸುಮಾತು ಹಿಂದಿನ ಮೂರು ಬೆಂಚಿಗೆ ಮುಟ್ಟುತ್ತದೆ. ಲುಗಾರ್ದಾ ಕೂತಳು. ಅವಳ ಕಿವಿ ಕೆಂಪಾದದ್ದು ಹಿಂದಿನವರಿಗೆಲ್ಲ ಕಂಡಿತು.

ಆಗ ಅಮ್ಮನೂ ಎದ್ದವಳು ಮತ್ತೆ ಕೂತಳು.

ನಮ್ಮಲ್ಲಿ ದೊಡ್ಡ ಪಾಪ ಮಾಡಿ ಅದನ್ನು ನಿವೇದಿಸದವರು ಪ್ರಸಾದ ಮುಟ್ಟುವಂತಿಲ್ಲ. ಎಲ್ಲರೂ ಸಾಲಾಗಿ ಹೋಗುವಾಗ ಬೆಂಚಿನಲ್ಲಿ ಉಳಿದವರ ಮೊಣಕಾಲು ದಾಟಿಕೊಂಡೇ ಹೋಗಬೇಕು. ಯಾರೂ ಏನೂ ಕೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಾಗುತ್ತದೆ: ಇವರ ಆತ್ಮದಲ್ಲಿ ಏನೋ ಸತ್ತಿದೆ. ಎಂಬತ್ತು ದಾಟಿದ ನನ್ನ ತಾಯಿ ಯುದ್ಧದ ವರ್ಷಗಳಲ್ಲೂ ಪ್ರಸಾದ ತಪ್ಪಿಸದವಳು. ಆ ಎಲುಬು ಮೊಣಕಾಲುಗಳನ್ನು ದಾಟಿಕೊಂಡು ನಾನು ಹೋದೆ. ಹೇಗೆ ಹೋದೆ ಅಂದರೆ, ಎದೆ ಮುಂದೆ ಮಾಡಿ, ಕೈ ಜೋಡಿಸಿ, ಬಣ್ಣದ ಗಾಜಿನಲ್ಲಿರುವ ಸಂತರು ನನ್ನನ್ನು ನೋಡಿ ನಿಲ್ಲುವುದು ಕಲಿಯಬೇಕು, ಹಾಗೆ.

ದಾರಿಯಲ್ಲಿ ಕೇಳಿದೆ, "ಯಾಕಮ್ಮ ಬರ್ಲಿಲ್ಲ?"

"ಮಂಡಿ ನೋವು."

"ಕಳೆದ ವಾರ ಇರ್ಲಿಲ್ವಲ್ಲ."

"ಕಳೆದ ವಾರ ಇರ್ಲಿಲ್ಲ."

ಅಂದಿನಿಂದ ಕೊಲುಂಬಾ ಸೊಸೆಗೆ ಹಿತ್ತಲಿನಲ್ಲಿ ಸೋಯಾ ಸಾಸ್ ಹುದುಗಿಸುವ ಜಾಡಿಗಳ ಮುಚ್ಚಳ ಮುಟ್ಟಗೊಡಲಿಲ್ಲ. ಹುದುಗು ಕೆಡುತ್ತದಂತೆ. ಲುಗಾರ್ದಾ ಮಣ್ಣು ತುಳಿಯುತ್ತಿದ್ದಳು, ಸೌದೆ ಹೊರುತ್ತಿದ್ದಳು, ಊಟಕ್ಕೆ ಎಲ್ಲರ ನಂತರ ಒಲೆಯ ಹತ್ತಿರವೇ ಕೂರುತ್ತಿದ್ದಳು. ಮುಂದಿನ ಭಾನುವಾರ ಪೂಜೆಗೆ ಮುಂಚೆ ಹೋಗಿ ಪಾಪನಿವೇದನೆ ಮಾಡಿ ಬಂದಳು. ಹೊರಗೆ ಬಂದ ಕೂಡಲೇ ಅತ್ತೆ ಹಿಡಿದಳು.

"ಹೇಳ್ದೆಯಾ?"

"ಹೇಳ್ದೆ."

"ಕಡುಬಿನ ವಿಷಯಾನಾ?"

"ಅತ್ತೆ ಮೇಲೆ ಹೊಟ್ಟೆ ಉರೀತಿದೆ ಅಂತ ಹೇಳ್ದೆ. ಕಡುಬು ನಾನಿಟ್ಟಿಲ್ಲ. ಮಾಡದ ಪಾಪ ಹೇಳಿದ್ರೆ ಅದು ಸುಳ್ಳು, ಸುಳ್ಳಿಗೆ ಇನ್ನೊಂದ್ಸಲ ಸಾಲಲ್ಲಿ ನಿಲ್ಬೇಕಲ್ಲ."

ಆ ದಿನ ಅವಳು ಪ್ರಸಾದ ತೆಗೆದುಕೊಂಡಳು. ಕೊಲುಂಬಾ ಅದನ್ನು ಪಾಪದ ಮೇಲೊಂದು ಪಾಪ ಎಂದಳು. ಅಮ್ಮ ಮತ್ತೆ ಬೆಂಚಿನಲ್ಲೇ ಉಳಿದಳು. ಊರಲ್ಲಿ ಮಾತು ಹುಟ್ಟಿತು: ಸೊಸೆಯ ಮನೆಯ ಭೂತ ಮುದುಕಿಯನ್ನು ಹಿಡಿದಿದೆ.

ಒಂದು ಮಧ್ಯಾಹ್ನ ನಾನು ಮಣ್ಣು ತಿರುಗಿಸುವ ತಿಗರಿಯ ಮುಂದೆ ಕೂತಿದ್ದೆ. ಲುಗಾರ್ದಾ ಮಣ್ಣಿನ ಮುದ್ದೆ ತಂದಿಟ್ಟು ಅಲ್ಲೇ ನಿಂತಳು. ಅಮ್ಮ ಜಗಲಿಯಲ್ಲಿ ಬೆಟ್ಟದ ಸೊಪ್ಪು ಸೋಸುತ್ತಿದ್ದಳು.

"ಮಾವ, ದೊಡ್ಡ ಪಾಪ ಮಾಡಿದ್ರೆ ಆತ್ಮಕ್ಕೆ ಏನಾಗುತ್ತೆ?"

"ನಾನೇ ಬಾಯಿಪಾಠ ಮಾಡಿಸಿದ್ದೆನಲ್ಲ."

"ಬಾಯಿಗೆ ಬಂತು. ತಲೆಗೆ ಹೋಗಿಲ್ಲ."

ಕೇಳಿದರೆ ನಾನು ಬಿಡುತ್ತೇನೆಯೇ? ತಿಗರಿ ನಿಲ್ಲಿಸಿದೆ. "ಸಣ್ಣ ಪಾಪ ಅಂದ್ರೆ ಜಾಡಿ ಮೇಲಿನ ಗೀರು. ಸಾಸ್ ಒಳಗೆ ನಿಲ್ಲುತ್ತೆ. ದೊಡ್ಡ ಪಾಪ ಅಂದ್ರೆ ಸೀಳು. ಆತ್ಮದಲ್ಲಿ ತುಂಬಿರೋ ದೇವರ ಜೀವ ಸೋರಿಹೋಗುತ್ತೆ. ಆತ್ಮ ಸಾಯುತ್ತೆ, ಮನುಷ್ಯ ಮಾತ್ರ ಉಂಡ್ಕೊಂಡು ಓಡಾಡ್ಕೊಂಡು ಇರ್ತಾನೆ."

"ಅಲ್ಲಿತನಕ ಮಾಡಿದ ಪುಣ್ಯ?"

"ಸೋರಿಹೋಯ್ತು."

"ಆಮೇಲೆ ಮಾಡೋ ಒಳ್ಳೇ ಕೆಲಸ?"

"ಒಡಕು ಜಾಡಿಗೆ ಎಷ್ಟು ಹುಯ್ದರೆ ಏನು?"

"ಹಾಗೇ ಸತ್ರೆ?"

"ನರಕ."

"ಗೊತ್ತಿದ್ದೂ ಗೊತ್ತಿದ್ದೂ ಹೋಗಿ ಪ್ರಸಾದಕ್ಕೆ ಬಾಯಿ ತೆಗೆದ್ರೆ?"

ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು. ಬ್ಲಾಸಿಯೋ ಸಂತ ಆ ದಿನ ರಜೆಯಲ್ಲಿದ್ದನೇನೋ. "ಅದು... ಸೀಳಿನ ಮೇಲೆ ಸೀಳು."

"ಹೊರಗಿಂದ ನೋಡಿದ್ರೆ ಗೊತ್ತಾಗುತ್ತಾ?"

"ಇಲ್ಲ. ಮೆರುಗು ಹಾಗೇ ಇರುತ್ತೆ. ತಟ್ಟಿ ನೋಡ್ಬೇಕು. ಒಳ್ಳೇದು ಟಣ್ ಅನ್ನುತ್ತೆ. ಸೀಳಿದ್ದು ಟಪ್ ಅನ್ನುತ್ತೆ."

"ಅದನ್ನ ತಟ್ಟಿ," ಎಂದು ಅಂಗಳದ ದೊಡ್ಡ ಜಾಡಿಯ ಕಡೆ ಗಲ್ಲ ಎತ್ತಿದಳು.

ನಾನು ಎದ್ದು ಹೋಗಿ ಅದರ ಪಕ್ಕದ್ದನ್ನು ತಟ್ಟಿದೆ. ಟಣ್ ಎಂದಿತು.

ಜಗಲಿಯಿಂದ ಅಮ್ಮ ಸೊಪ್ಪಿನ ಮೇಲಿನ ಕಣ್ಣು ತೆಗೆಯದೆ ಹೇಳಿದಳು: "ಸೀಳಿದ ಜಾಡಿ ಮತ್ತೆ ಬೆಂಕಿಗೆ ಹಾಕಿದ್ರೂ ಕೂಡಲ್ಲ. ಆತ್ಮ ಕೂಡುತ್ತೆ. ಬಾಯಿ ಬಿಟ್ಟು ಹೇಳ್ಕೊಂಡ್ರೆ ಸೋರಿಹೋದ ಪುಣ್ಯಾನೂ ಮತ್ತೆ ಬರುತ್ತೆ. ಅದೊಂದು ಹೇಳೋಕೆ ಮರ್ತೆಯಲ್ಲೋ, ಉಪದೇಶಿ."

ಈಸ್ಟರ್ ಬಂತು. ಬಣ್ಣ ಬಳಿದ ಮೊಟ್ಟೆ ಹಂಚಿದರು, ಹಂದಿಮಾಂಸ ಬೇಯಿಸಿದೆವು. ಈಸ್ಟರ್ ದಿನವೂ ಅಮ್ಮ ಬೆಂಚು ಬಿಟ್ಟು ಏಳಲಿಲ್ಲ. ಚರ್ಚಿನ ಅಂಗಳದಲ್ಲಿ ಹೆಂಗಸರು ಲುಗಾರ್ದಾಳಿಂದ ನಾಲ್ಕು ಹೆಜ್ಜೆ ದೂರ ನಿಂತರು. ತದ್ದೇಯೋ ಅವಳ ಪಕ್ಕದಲ್ಲಿ ಮೊಟ್ಟೆ ಸುಲಿಯುತ್ತ ನಿಂತಿದ್ದ, ಸುಲಿದದ್ದನ್ನು ತಿನ್ನಲಿಲ್ಲ.

ಅದಾದ ವಾರ ಅಮ್ಮನಿಗೆ ಜ್ವರ ಬಂತು. ಎದೆಯಲ್ಲಿ ಕಫ. ಗಂಜಿ ಎರಡು ಚಮಚ ಇಳಿದರೆ ಹೆಚ್ಚು. ತದ್ದೇಯೋ ಓಡಿಹೋಗಿ ಗುರುಗಳನ್ನು ಕರೆದುಕೊಂಡು ಬಂದ. ಅವರು ರೋಗಿಗಳಿಗೆ ಹಚ್ಚುವ ಪವಿತ್ರ ತೈಲ, ಪರಮಪ್ರಸಾದ ಎರಡನ್ನೂ ತಂದಿದ್ದರು. ನಮ್ಮನ್ನು ಹೊರಗೆ ಕಳಿಸಿ ಅಮ್ಮನ ಪಾಪನಿವೇದನೆ ಕೇಳಿದರು, ತೈಲ ಹಚ್ಚಿದರು. ಪ್ರಸಾದವನ್ನು ಮಾತ್ರ ತಂದಂತೆಯೇ ವಾಪಸು ಕೊಂಡುಹೋದರು.

"ಬೇಡ ಅಂದ್ರು. ಬೆಂಚಿಂದ ಎದ್ದು ಹೋಗಿ ತಗೋತೀನಿ ಅಂದ್ರು," ಎಂದರು ಗುರುಗಳು ಚಪ್ಪಲಿ ಮೆಟ್ಟುತ್ತ. "ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಈ ಸ್ಥಿತೀಲಿ ಇನ್ನೊಂದು ಭಾನುವಾರ ಕಾಣ್ತಾರೋ ಇಲ್ವೋ."

ನಾನು ಒಳಗೆ ಹೋದೆ. "ಯಾಕಮ್ಮ ಹಟ? ಪ್ರಸಾದ ಇಲ್ದೆ ಹೋಗ್ತೀಯಾ?"

"ನನ್ನ ಸರದಿ ಬಂದಿಲ್ಲ."

"ಯಾರ ಸರದಿ ಇದೆ ಈಗ?"

ಗೋಡೆಯ ಕಡೆ ತಿರುಗಿ ಮಲಗಿದಳು.

ಶನಿವಾರ ಸಂಜೆ ಲುಗಾರ್ದಾ ಬಟ್ಟೆ ಗಂಟು ಕಟ್ಟಿದಳು. ತದ್ದೇಯೋ ಗಂಟನ್ನು ಬಾಗಿಲ ಬಳಿ ತಂದಿಟ್ಟು ಊಟಕ್ಕೆ ಕೂತ. "ನಾಳೆ ಪೂಜೆ ಮುಗಿಸ್ಕೊಂಡು ನಾವಿಬ್ಬರೂ ಪೇಟೆಗೆ ಹೋಗ್ತೀವಿ. ಡಬ್ಬಿ ಕಾರ್ಖಾನೇಲಿ ಕೆಲಸ ಕೊಡ್ತಾರಂತೆ."

"ಕುಂಬಾರನ ಮಗ ಪ್ಲಾಸ್ಟಿಕ್ ಮಾಡ್ತಾನಾ?" ಎಂದೆ.

"ಪ್ಲಾಸ್ಟಿಕ್ ಸೀಳಲ್ಲ ಅಪ್ಪ. ಯಾರ ಮೇಲೂ ತಪ್ಪು ಹೊರಿಸೋ ಹಾಗಿರಲ್ಲ."

ಕೊಲುಂಬಾ ಸೌಟು ಹಿಡಿದೇ ತಿರುಗಿದಳು. "ಹೋಗೋದಾದ್ರೆ ಒಪ್ಪಿಕೊಂಡು ಹೋಗ್ಲಿ. ನಿನ್ನಜ್ಜಿ ಅಲ್ಲಿ ಮಲಗಿರೋದು ಇವಳ ಪಾಪ ಹೊತ್ಕೊಂಡು. ಹೇಳೇ, ಚಿಕ್ಕಮ್ಮನೇ ಮಾಡಿ ಕಳಿಸಿದ್ಲಾ ಆ ಕಡುಬನ್ನ?"

"ನನ್ನ ಚಿಕ್ಕಮ್ಮನ ಕಡುಬು ನಮ್ಮ ಕಡೆ ಹೆಸರುವಾಸಿ," ಎಂದಳು ಲುಗಾರ್ದಾ. ಅವಳ ಕಣ್ಣು ತುಂಬಿತ್ತು, ಧ್ವನಿ ಗಟ್ಟಿಯಾಗಿತ್ತು. "ಅವಳು ಮಾಡಿದ್ದಾದ್ರೆ ಇರುವೆಗೂ ಚೂರು ಉಳೀತಿರ್ಲಿಲ್ಲ."

ನನಗೆ ಸೊಸೆಯ ಮೇಲೆ ಕನಿಕರ ಉಕ್ಕಿತು. ಮಾತು ಬಾಯಿಗೆ ಬಂದರೆ ತಡೆಯುವ ಶಕ್ತಿ ದೇವರು ನನಗೆ ಕೊಟ್ಟಿಲ್ಲ. ಕೊಲುಂಬಾಳ ಕಡೆ ತಿರುಗಿ ಹೇಳಿದೆ: "ಅವಳು ಹೇಳೋದು ನಿಜ ಕಣೇ. ಅವಳ ಚಿಕ್ಕಮ್ಮನ ಕೈ ಬೇರೆ. ಇದು ಸಂತೆ ಕಡುಬು. ಬಾಯಿಗಿಟ್ರೆ ಬರೀ ಉಪ್ಪು, ನಡುವೆ ಹಸಿ ಹಿಟ್ಟು. ಅಂಥ ಕೆಟ್ಟ ಕಡುಬು ಕೊರಿಯಾ ದೇಶದಲ್ಲೇ ಹುಟ್ಟಿಲ್ಲ. ಮೂರು ತುತ್ತು ನುಂಗೋಕೆ ಒಂದು ಚೊಂಬು ನೀರು ಬೇಕಾಯ್ತು."

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುವುದು ಕೇಳಿಸಿತು.

"ಉಪ್ಪು ಜಾಸ್ತಿ ಅಂತ ನಿಮಗೆ ಹೇಗ್ರೀ ಗೊತ್ತು?" ಎಂದಳು ಕೊಲುಂಬಾ.

"ಕಂಡ್ರೆ ಗೊತ್ತಾಗಲ್ವಾ."

"ಉಪ್ಪು ಕಣ್ಣಿಗೆ ಕಾಣುತ್ತಾ?"

"ಬಣ್ಣದಲ್ಲಿ..."

"ಮೂರು ತುತ್ತು ಅಂದ್ರಿ."

ತದ್ದೇಯೋ ಬಟ್ಟಲು ಕೆಳಗಿಟ್ಟ. ಲುಗಾರ್ದಾ ನನ್ನನ್ನು ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. ಒಳಕೋಣೆಯಿಂದ ಅಮ್ಮನ ಕೆಮ್ಮು ಬಂತು, ಆಮೇಲೆ ಧ್ವನಿ: "ಲುಗಾರ್ದಾ, ನನ್ನನ್ನ ಎತ್ತಿ ಕೂರಿಸಮ್ಮ. ಇದನ್ನ ನಾನು ಕೂತು ಕೇಳ್ಬೇಕು."

ಲುಗಾರ್ದಾ ಎದ್ದುಹೋಗಿ ಅವಳನ್ನು ಗೋಡೆಗೆ ಒರಗಿಸಿ, ಬಾಗಿಲು ಪೂರ್ತಿ ತೆರೆದಳು.

ಹೇಳಿದೆ. ಮೂರನೆಯ ಸಲವೂ ಆವಿಗೆ ಕೆಟ್ಟರೆ ನನ್ನ ಹೆಸರೇನಾಗುತ್ತದೆ ಎಂದು ಹೆದರಿದ್ದು. ಸಂತೆಯಲ್ಲಿ ಕಡುಬು, ಒಣಮೀನು ಕೊಂಡು ನೀಲಿ ವಸ್ತ್ರದಲ್ಲಿ ಕಟ್ಟಿ ತಂದದ್ದು. ಬೆಳಗಿನ ಮಂಜಿನಲ್ಲಿ ಆವಿಗೆಯ ಮುಂದೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದ್ದು. ಆಮೇಲೆ ಹಸಿವಾಗಿ ಭೂತದ ಪಾಲನ್ನು ನಾನೇ ತಿಂದದ್ದು. ಪ್ರತಿ ಭಾನುವಾರ ಎದ್ದುಹೋಗಿ ನಾಲಿಗೆ ಚಾಚಿದ್ದು. ಮೊದಲ ಬಾರಿಗೆ ಒಂದು ಮಾತನ್ನೂ ಹಿಗ್ಗಿಸದೆ ಹೇಳಿದ್ದರಿಂದ ಬೇಗ ಮುಗಿದುಹೋಯಿತು.

"ಅದೇ ಮುಂಜಾನೆ ಸೌದೆ ಚಕ್ಕೆ ಆಯೋಕೆ ಹೋಗಿದ್ದೆ," ಎಂದಳು ಅಮ್ಮ. "ವಸ್ತ್ರ ಕಲ್ಲಿನ ಮೇಲೇ ಬಿಟ್ಟಿದ್ದೆ ನೀನು. ಕೊಲುಂಬಾ ಕಣ್ಣಿಗೆ ಬೀಳೋ ಮುಂಚೆ ತಂದು ಒಗೆದು ನಿನ್ನ ಮುಂದೆ ಇಟ್ಟೆ. ತಿಳ್ಕೋತೀಯ ಅಂದ್ಕೊಂಡೆ."

"ಹೇಳ್ಬಾರದಿತ್ತಾ ಅಮ್ಮ?"

"ನಿನ್ನ ಪಾಪ ನಾನು ಹೇಳಿದ್ರೆ ನಿನಗೇನು ಬಂತು? ಆ ಬೆಂಚಲ್ಲಿ ಒಬ್ಬರು ಕೂರ್ಬೇಕಿತ್ತು. ನೀನು ಕೂರ್ಲಿಲ್ಲ. ನೀನು ಬರೋತನಕ ಜಾಗ ಹಿಡ್ಕೊಂಡಿದ್ದೆ."

ಕೊಲುಂಬಾ ನೆಲದ ಸಾರು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಆಮೇಲೆ ಸೊಸೆಯ ಬಟ್ಟಲನ್ನು ಒಲೆಯ ಹತ್ತಿರದಿಂದ ತಂದು ತನ್ನ ಬಟ್ಟಲಿನ ಪಕ್ಕ ಇಟ್ಟಳು. "ಬಾ, ಕೂತ್ಕೋ."

"ಹಸಿವಿಲ್ಲ ಅತ್ತೆ."

"ನನಗೂ ಇಲ್ಲ. ಸುಮ್ನೆ ಕೂತ್ಕೋ."

ನಾನು ಸೊಸೆಗೆ ಏನೋ ಹೇಳಲು ಬಾಯಿ ತೆರೆದೆ. "ಈಗ ಬೇಡ ಮಾವ," ಎಂದಳು. ಗಂಟು ಬಾಗಿಲ ಬಳಿಯೇ ಇತ್ತು.

ಬೆಳಿಗ್ಗೆ ತದ್ದೇಯೋ ಜಾಡಿ ಹೊರುವ ಚೌಕಟ್ಟಿಗೆ ರಜಾಯಿ ಕಟ್ಟಿ ಅಮ್ಮನನ್ನು ಅದರ ಮೇಲೆ ಕೂರಿಸಿ ಬೆನ್ನಿಗೇರಿಸಿದ. "ಮೆಲ್ಲಗೆ ಹೋಗೋ, ನಾನೇನು ಕಿಮ್ಚಿ ಜಾಡಿನಾ?" ಎಂದು ಅವಳು ಗುಡ್ಡದುದ್ದಕ್ಕೂ ಬೈದಳು. ನಾನು ಮುಂದೆ ಹೋಗಿ ಪಾಪನಿವೇದನೆಯ ಸಾಲಿನಲ್ಲಿ ನಿಂತೆ. ಸಾಲು ಉದ್ದವಿತ್ತು. ನನ್ನ ಸರದಿ ಬರುವಷ್ಟರಲ್ಲಿ ಪೂಜೆಯ ಗಂಟೆ ಹೊಡೆಯಿತು, ಗುರುಗಳು ಎದ್ದುಹೋದರು.

ಹಾಗಾಗಿ ಆ ದಿನ ಬೆಂಚಿನಲ್ಲಿ ಉಳಿದವನು ನಾನು. ಜ್ಞಾನೋಪದೇಶ ಕಲಿಸುವ ಬ್ಲಾಸಿಯೋ. ಇಡೀ ಚರ್ಚು ಎದ್ದು ನಿಂತಾಗ ಕೂತವನ ತಲೆ ಎಷ್ಟು ಕೆಳಗೆ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಬಾಯಿಪಾಠ ಮಾಡಿಸಿದ ಮಕ್ಕಳು ತಿರುಗಿ ತಿರುಗಿ ನೋಡಿದರು. ಕೊಲುಂಬಾ ನನ್ನ ಮೊಣಕಾಲು ದಾಟಿದಳು, ತದ್ದೇಯೋ ದಾಟಿದ. ಕೊನೆಗೆ ಲುಗಾರ್ದಾಳ ತೋಳು ಹಿಡಿದು ಅಮ್ಮ ಬಂದಳು. ಅವಳ ಜ್ವರದ ಕೈ ಒಂದು ಕ್ಷಣ ನನ್ನ ತಲೆಯ ಮೇಲೆ ಊರಿಕೊಂಡಿತು. ಆಸರೆಗೋ, ಇನ್ಯಾಕೋ.

"ಕಾಲು ಮಡ್ಚೋ," ಎಂದಳು. "ದಾರಿ ಬಿಡು."

ಅವಳು ಹೋಗಿ ಪ್ರಸಾದ ತೆಗೆದುಕೊಂಡಳು. ಮುಂದಿನ ಭಾನುವಾರ ಕಾಣಲಿಲ್ಲ.

ಈ ಕಥೆಯನ್ನು ಹೇಳಿದಾಗಲೆಲ್ಲ, ಗಂಟೆ ಹೊಡೆಯಿತು ಎನ್ನುವ ಕಡೆ ಲುಗಾರ್ದಾ ಒಲೆಯ ಹತ್ತಿರದಿಂದ ಕೆಮ್ಮುತ್ತಾಳೆ. ಅವಳು ಪೇಟೆಗೆ ಹೋಗಲಿಲ್ಲ. ಗಂಟನ್ನು ಬಹಳ ದಿನ ಬಿಚ್ಚಲೂ ಇಲ್ಲ. ಮೊನ್ನೆ ನೆಂಟರ ಮುಂದೆ ಕೆಮ್ಮಿ ಸುಮ್ಮನಾಗಲಿಲ್ಲ.

"ಮಾವ, ಸಾಲು ಉದ್ದ ಇರ್ಲಿಲ್ಲ. ನಾನು ಅಜ್ಜಿ ಜೊತೆ ಬಾಗಿಲಲ್ಲೇ ಇದ್ದೆ."

ಇರಲಿಲ್ಲ. ನನ್ನ ಮುಂದೆ ಒಬ್ಬಳೇ ಮುದುಕಿ ಇದ್ದಳು. ಅವಳು ಹೊರಗೆ ಬಂದಾಗ ನನ್ನ ಹಿಂದಿದ್ದವರಿಗೆ, ನೀವು ಹೋಗಿ, ನೀವು ಹೋಗಿ ಎಂದು ಒಬ್ಬೊಬ್ಬರನ್ನೇ ಮುಂದೆ ಬಿಟ್ಟೆ, ಗಂಟೆ ಹೊಡೆಯುವವರೆಗೂ ಬಿಟ್ಟೆ. ಅಮ್ಮ ಅದನ್ನು ನೋಡಿದಳು. ನೋಡಿಯೂ ತಲೆಯ ಮೇಲೆ ಕೈಯಿಟ್ಟಳು. ನಾನು ಗುರುಗಳ ಮುಂದೆ ಬಾಯಿ ಬಿಟ್ಟದ್ದು ಅವಳನ್ನು ಮಣ್ಣು ಮಾಡಿದ ಮೇಲೆ.

ಆ ದೊಡ್ಡ ಜಾಡಿ ಅಂಗಳದಲ್ಲೇ ಇದೆ, ಒಂದು ಮಗ್ಗುಲು ಗೋಡೆಗೆ ಒರಗಿಸಿಟ್ಟಿದ್ದೇನೆ. ನಮ್ಮ ಮನೆಯ ಎಳೆಗರು ಕೂಡ ಅದರಲ್ಲಿ ಹಿಡಿಯುವುದಿಲ್ಲ. ಆವಿಗೆಯಿಂದ ತೆಗೆದ ದಿನವೇ ಬಾಯಿಂದ ಬುಡದವರೆಗೆ ಸೀಳಿತ್ತು. ತಟ್ಟಿದರೆ ಟಪ್ ಅನ್ನುತ್ತದೆ.